ಶೀಸೆ, ನೆಲ ಮತ್ತು ಲೆಕ್ಕದ ಪುಸ್ತಕ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ನನ್ನ ವಿಷಯವನ್ನು ಕಾರ್ಯದರ್ಶಿಗಳಿಗೆ ತಿಳಿಸಿದಾಗ ಅವರು ಕ್ಷಣಕಾಲ ಸುಮ್ಮನಾದರು. ಅನಂತರ, "ಇದು ನಮ್ಮ ಸಭೆಗೆ ಒಗ್ಗೀತೆ ಸರ್?" ಎಂದು ಬಹಳ ಸೌಜನ್ಯದಿಂದ ಕೇಳಿದರು. ಅವರ ಅನುಮಾನ ಸಹಜವಾದದ್ದೇ. ದಾಸಸಾಹಿತ್ಯ, ಗಡಿ ಸಮಸ್ಯೆ, ಹೊರನಾಡಿನಲ್ಲಿ ಬೆಳೆಯುವ ಮಕ್ಕಳ ಕನ್ನಡ ಇವುಗಳ ಬಗ್ಗೆ ಮಾತುಗಳನ್ನು ಕೇಳಿದ ಈ ವೇದಿಕೆಯಲ್ಲಿ, ಫ್ರಾನ್ಸಿನ ಒಂದು ದ್ರಾಕ್ಷಿತೋಟದ ವೈನಿನ ಬಗ್ಗೆ ಮಾತನಾಡಲು ಹೊರಟವನನ್ನು ಸಂಶಯದಿಂದ ನೋಡುವುದು ನ್ಯಾಯವೇ ಸರಿ. ನಾನು ಮದ್ಯಪಾನದ ಪರವಾಗಿ ವಕಾಲತ್ತು ವಹಿಸಲು ಬಂದವನಲ್ಲ. ನಾನು ಮಾತನಾಡಬೇಕೆಂದಿರುವುದು ಪರಂಪರೆಯ ಬಗ್ಗೆ. ಒಂದು ವಸ್ತುವನ್ನು ಬೆಲೆ ಬಾಳುವ ಪರಂಪರೆಯೆಂದು ಜನ ಒಪ್ಪುವುದು ಹೇಗೆ, ಅದನ್ನು ಕಾಪಾಡುವವರು ಯಾರು, ಕೂಡಿಡುವವರು ಯಾರು ಎಂಬುದರ ಬಗ್ಗೆ.

ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕದ್ದು 1996ರಲ್ಲಿ. ಮಾನಸಗಂಗೋತ್ರಿಯಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಕೇಂದ್ರ ಸರ್ಕಾರದ ಪರೀಕ್ಷೆ ಬರೆದು, ಇದೇ ಮುಂಬಯಿಯಲ್ಲಿ ಕಸ್ಟಮ್ಸ್ ಇಲಾಖೆಯಲ್ಲಿ ವಸ್ತುಗಳ ಬೆಲೆ ಕಟ್ಟುವ ಕಿರಿಯ ಅಧಿಕಾರಿಯಾಗಿದ್ದೆ. ಬಹುವರ್ಷ ವಿದೇಶದಲ್ಲಿದ್ದು ಸ್ವದೇಶಕ್ಕೆ ಮರಳುತ್ತಿದ್ದ ಒಬ್ಬ ಗೃಹಸ್ಥರ ಮನೆಸಾಮಾನಿನ ನಡುವೆ, ಹುಲ್ಲು ತುಂಬಿದ ಮರದ ಪುಟ್ಟ ಪೆಟ್ಟಿಗೆಯೊಳಗೆ ಒಂದು ಶೀಸೆ ಇತ್ತು. ಮೇಲಿನ ಚೀಟಿಯಲ್ಲಿ ಶಾತೊ ಲಾಫೀತ್ ಎಂಬ ಹೆಸರು, ಕೆಳಗೆ 1961 ಎಂಬ ವರ್ಷ. ಮುಕ್ಕಾಲು ಲೀಟರಿನ ಆ ಶೀಸೆಗೆ ಎಷ್ಟು ಬೆಲೆ ಬರೆಯುವುದೆಂದು ತಿಳಿಯದೆ ವಿದೇಶದ ಹರಾಜು ಸಂಸ್ಥೆಗಳ ಬೆಲೆಪಟ್ಟಿ ತರಿಸಿ ನೋಡಿದೆ. ಅಲ್ಲಿದ್ದ ಅಂಕಿ ನನ್ನ ಹಲವು ತಿಂಗಳ ಸಂಬಳವನ್ನು ಮೀರುತ್ತಿತ್ತು. "ಇದನ್ನು ಯಾವಾಗ ಕುಡಿಯುವಿರಿ?" ಎಂದು ಕುತೂಹಲಕ್ಕೆ ಕೇಳಿದೆ. ಆ ಗೃಹಸ್ಥರು ನಕ್ಕು, "ಇದು ಕುಡಿಯುವುದಕ್ಕಲ್ಲ, ಇಡುವುದಕ್ಕೆ" ಎಂದರು. ಎಲ್ಲಿ ಕೊಂಡದ್ದು, ಅದಕ್ಕೂ ಮುಂಚೆ ಯಾರ ಬಳಿ ಇತ್ತು, ಹೇಗೆ ಕಾಪಾಡಿದ್ದು ಎಂದು ಕೇಳಿದರೆ ಅವರ ಬಳಿ ಒಂದು ರಸೀದಿಯೂ ಇರಲಿಲ್ಲ. ನನ್ನ ಮೇಲಧಿಕಾರಿ ಹಳೆಯ ಕಾಲದವರು. ಕನ್ನಡಕ ಏರಿಸಿ ಶೀಸೆಯನ್ನೊಮ್ಮೆ, ಖಾಲಿ ಕಡತವನ್ನೊಮ್ಮೆ ನೋಡಿ, "ಕಾಗದವಿಲ್ಲದಿದ್ದರೆ ಇದು ಬರಿಯ ಗಾಜಪ್ಪ" ಎಂದರು. ಆ ಮಾತಿನ ಪೂರ್ಣಾರ್ಥ ನನಗೆ ಆದದ್ದು ಎಷ್ಟೋ ವರ್ಷಗಳ ತರುವಾಯ, ಆ ತೋಟದ ಇತಿಹಾಸವನ್ನು ಓದತೊಡಗಿದ ಮೇಲೆ.

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ ಬೋರ್ಡೋ ಎಂಬ ಬಂದರು ನಗರವಿದೆ. ಅಲ್ಲಿಂದ ಉತ್ತರಕ್ಕೆ, ಜಿರೋಂದ್ ಎಂಬ ವಿಶಾಲವಾದ ಅಳಿವೆಯ ಎಡದಂಡೆಯುದ್ದಕ್ಕೂ ಹಬ್ಬಿದ ಸೀಮೆಯ ಹೆಸರು ಮೆಡಾಕ್. ಆ ಸೀಮೆಯ ಪೊಯಾಕ್ ಎಂಬ ಊರಿನ ಅಂಚಿನಲ್ಲಿ ಲಾಫೀತ್ ತೋಟವಿದೆ. ಹಳೆಯ ಗ್ಯಾಸ್ಕನ್ ನುಡಿಯಲ್ಲಿ 'ಲಾ ಹೀತ್' ಎಂದರೆ ದಿಬ್ಬ. ಲಾಫೀತ್ ಎಂಬ ಹೆಸರು ಅದರಿಂದಲೇ ಬಂದದ್ದು. ನಮ್ಮ ಕಡೆ ತಿಟ್ಟಿನ ಹೊಲ, ದಿಣ್ಣೆ ಹೊಲ ಎನ್ನುವುದಿಲ್ಲವೆ, ಹಾಗೆ. ಒಟ್ಟು ವಿಸ್ತಾರ ಸುಮಾರು 110 ಹೆಕ್ಟೇರು. ನಮ್ಮ ಲೆಕ್ಕದಲ್ಲಿ 270 ಎಕರೆಯ ಆಸುಪಾಸು. ಕಣ್ಣಿಗೆ ಕಾಣುವ ನೆಲ ಫಲವತ್ತಾದದ್ದೇನೂ ಅಲ್ಲ. ಬರಿಯ ಉರುಟುಗಲ್ಲು, ಮರಳು, ಅಡಿಯಲ್ಲಿ ಸುಣ್ಣಕಲ್ಲು. ಆ ಬಡತನವೇ ಅದರ ಭಾಗ್ಯ. ಬಿದ್ದ ಮಳೆ ನಿಲ್ಲದೆ ಬಸಿದುಹೋಗುತ್ತದೆ. ಬಳ್ಳಿ ನೀರನ್ನು ಅರಸಿ ಬೇರನ್ನು ಆಳಕ್ಕೆ ಇಳಿಸುತ್ತದೆ. ಕಾಯಿ ಕಡಿಮೆ, ಆದರೆ ರಸ ಗಟ್ಟಿ. ಅಲ್ಲಿ ಹೆಚ್ಚಾಗಿ ಬೆಳೆಯುವುದು ಕಾಬರ್ನೆ ಸೊವಿನ್ಯೋ ಎಂಬ ದಪ್ಪಸಿಪ್ಪೆಯ ಕರಿದ್ರಾಕ್ಷಿ. ಜೊತೆಗೆ ಮೆರ್ಲೊ, ಇನ್ನೆರಡು ತಳಿಗಳು ಸ್ವಲ್ಪ ಸ್ವಲ್ಪ.

ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷಗಳಲ್ಲಿ ಕುಡಿದು ಮುಗಿಸತಕ್ಕದ್ದು, ಇಟ್ಟರೆ ಕೆಡುತ್ತದೆ. ಇಟ್ಟಷ್ಟೂ ಮಾಗುವ ಗುಣ ಕೆಲವಕ್ಕೆ ಮಾತ್ರ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಒಗರು ಮತ್ತು ಹಣ್ಣಿನ ಹುಳಿ ಸರಿಯಾದ ಪ್ರಮಾಣದಲ್ಲಿದ್ದರೆ, ಎಳೆಯದರಲ್ಲಿ ನಾಲಿಗೆ ಹಿಡಿಯುವ ಆ ರಸ ದಶಕಗಳಲ್ಲಿ ನಿಧಾನವಾಗಿ ಮೃದುವಾಗುತ್ತದೆ, ಗಷ್ಟು ತಳ ಸೇರುತ್ತದೆ, ಬೇರೆಯೇ ಪರಿಮಳ ಹುಟ್ಟುತ್ತದೆ. ಲಾಫೀತಿನಲ್ಲಿ ಹೊಸ ರಸವನ್ನು ಓಕ್ ಮರದ ಪೀಪಾಯಿಗಳಲ್ಲಿ ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಇಡುತ್ತಾರೆ. ಆ ಪೀಪಾಯಿಗಳನ್ನು ಮಾಡುವ ಬಡಗಿಗಳೂ ಅವರವರೇ. ಎಳೆಯ ಬಳ್ಳಿಗಳ ಹಣ್ಣನ್ನು ಮುಖ್ಯ ವೈನಿಗೆ ಸೇರಿಸುವುದಿಲ್ಲ. ನೆಟ್ಟವನ ಕಾಲಕ್ಕೆ ನೆಟ್ಟದ್ದರ ಪೂರ್ಣ ಫಲ ಸಿಗುವ ಭರವಸೆ ಇಲ್ಲ ಎಂದರ್ಥ. ತೆಂಗು ನೆಟ್ಟ ನಮ್ಮ ಹಿರಿಯರಿಗೆ ಈ ತರ್ಕ ಅಪರಿಚಿತವಲ್ಲ.

ಇನ್ನು ಇತಿಹಾಸ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೆಗೂರ್ ಎಂಬ ಜಮೀನುದಾರ ಮನೆತನ ಇಲ್ಲಿ ದ್ರಾಕ್ಷಿಯನ್ನು ವ್ಯವಸ್ಥಿತವಾಗಿ ಬೆಳೆಸಿತು. ಮುಂದಿನ ಶತಮಾನದಲ್ಲಿ ನೆರೆಯ ಪ್ರಸಿದ್ಧ ತೋಟವಾದ ಲಾತೂರ್ ಕೂಡ ಅವರ ಕೈಯಲ್ಲೇ ಇದ್ದುದರಿಂದ ಆ ಮನೆಯ ಯಜಮಾನನಿಗೆ 'ದ್ರಾಕ್ಷಿಬಳ್ಳಿಗಳ ರಾಜಕುಮಾರ' ಎಂಬ ಬಿರುದು ಬಂತು. ಇಂಗ್ಲೆಂಡಿನ ಪ್ರಧಾನಿ ರಾಬರ್ಟ್ ವಾಲ್ಪೋಲ್ 1730ರ ದಶಕದ ಆರಂಭದಲ್ಲಿ ಮೂರು ತಿಂಗಳಿಗೊಂದು ಪೀಪಾಯಿ ಲಾಫೀತ್ ತರಿಸುತ್ತಿದ್ದರೆಂದು ಹೇಳುತ್ತಾರೆ. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1787ರಲ್ಲಿ ಬೋರ್ಡೋಗೆ ಹೋಗಿ, ಅಲ್ಲಿನ ಅತ್ಯುತ್ತಮವಾದ ನಾಲ್ಕು ತೋಟಗಳಲ್ಲಿ ಲಾಫೀತನ್ನೂ ಎಣಿಸಿ ಬರೆದಿಟ್ಟರು. ಎರಡು ವರ್ಷಗಳ ಮೇಲೆ ಮಹಾಕ್ರಾಂತಿ. ಆಗಿನ ಒಡೆಯ ಪಿಶಾರ್ ಬೋರ್ಡೋ ಉಚ್ಚ ನ್ಯಾಯಸಭೆಯ ಅಧ್ಯಕ್ಷ. 1794ರಲ್ಲಿ ಆತನ ತಲೆ ಗಿಲೊಟಿನ್ನಿಗೆ ಹೋಯಿತು. ತೋಟ ರಾಷ್ಟ್ರದ ಸ್ವತ್ತಾಗಿ 1797ರಲ್ಲಿ ಹರಾಜಾಯಿತು. ಅದೇ 1797ರ ಸುಗ್ಗಿಯ ಶೀಸೆ ಆ ತೋಟದ ನೆಲಮಾಳಿಗೆಯಲ್ಲಿರುವ ಶೀಸೆಗಳಲ್ಲಿ ಅತ್ಯಂತ ಹಳೆಯದು. ಒಡೆಯ ಹೋದ, ಕಾಲ ತಲೆಕೆಳಗಾಯಿತು. ಆದರೆ ಆ ವರ್ಷವೂ ಯಾರೋ ಹಣ್ಣು ಕೊಯ್ದಿದ್ದಾರೆ, ಯಾರೋ ರಸ ತೆಗೆದಿದ್ದಾರೆ, ಯಾರೋ ವರ್ಷವನ್ನು ಗುರುತು ಹಾಕಿಟ್ಟಿದ್ದಾರೆ. ಅವರ ಹೆಸರುಗಳು ನಮಗೆ ತಿಳಿದಿಲ್ಲ.

1855ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಪ್ಯಾರಿಸಿನಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಸಿದ. ಅದಕ್ಕಾಗಿ ಬೋರ್ಡೋ ವೈನುಗಳ ದರ್ಜೆಪಟ್ಟಿ ಬೇಕಾಯಿತು. ಪಟ್ಟಿ ಮಾಡಿದವರು ಪಂಡಿತರೂ ಅಲ್ಲ, ರಸಿಕರೂ ಅಲ್ಲ. ಬೋರ್ಡೋ ಪೇಟೆಯ ದಲ್ಲಾಳಿಗಳು. ಅವರು ಅದಕ್ಕಾಗಿ ರುಚಿ ನೋಡುವ ಸಭೆಯನ್ನೇನೂ ಸೇರಿಸಲಿಲ್ಲ. ದಶಕಗಳಿಂದ ಯಾವ ತೋಟದ ಮಾಲು ಯಾವ ಬೆಲೆಗೆ ಹೋಗಿದೆ ಎಂಬುದು ಅವರ ಪುಸ್ತಕಗಳಲ್ಲಿತ್ತು. ಆ ಬೆಲೆಗಳನ್ನೇ ಆಧಾರವಾಗಿಟ್ಟುಕೊಂಡು ಕೆಂಪು ವೈನಿನ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಮೊದಲ ದರ್ಜೆಯಲ್ಲಿ ನಾಲ್ಕು ಹೆಸರು: ಲಾಫೀತ್, ಮಾರ್ಗೊ, ಲಾತೂರ್, ಓ ಬ್ರಿಯೋಂ. 1973ರಲ್ಲಿ ಮೂಟೋನ್ ತೋಟವನ್ನು ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿಸಿದ್ದನ್ನು ಬಿಟ್ಟರೆ ಆ ಮೇಲ್ಪಂಕ್ತಿ ಈವರೆಗೆ ಬದಲಾಗಿಲ್ಲ. ಪರಂಪರೆ ಎಂದು ಇಂದು ಕೈಮುಗಿಯುವ ಈ ಪಟ್ಟಿಯ ಬುಡದಲ್ಲಿರುವುದು ದಲ್ಲಾಳಿಯ ಜಮಾಖರ್ಚು ಎಂಬುದು ನನ್ನಂಥ ಕಚೇರಿಯ ಮನುಷ್ಯನಿಗೆ ಒಂದು ಬಗೆಯ ಸಮಾಧಾನವನ್ನು ಕೊಡುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಒಂದು ಬಗೆಯ ಎಚ್ಚರವನ್ನೂ ಕೊಡುತ್ತದೆ. ಬೆಲೆಯಿಂದ ಕೀರ್ತಿ ಹುಟ್ಟಿತು. ಅನಂತರ ಕೀರ್ತಿಯೇ ಬೆಲೆಯನ್ನು ಹೆರತೊಡಗಿತು.

1868ರ ಆಗಸ್ಟಿನಲ್ಲಿ ತೋಟ ಮತ್ತೊಮ್ಮೆ ಹರಾಜಿಗೆ ಬಂತು. ಪ್ಯಾರಿಸಿನ ಬ್ಯಾಂಕರ್ ಬ್ಯಾರನ್ ಜೇಮ್ಸ್ ರಾಥ್ಸ್‌ಚೈಲ್ಡ್ 44 ಲಕ್ಷ ಫ್ರಾಂಕುಗಳಿಗೆ ಅದನ್ನು ಕೂಗಿಕೊಂಡರು. ಮೂರು ತಿಂಗಳು ಕಳೆಯುತ್ತಲೇ ಅವರು ತೀರಿಕೊಂಡರು. ಆದರೆ ಅಂದಿನಿಂದ ತೋಟ ಅದೇ ಮನೆತನದಲ್ಲಿದೆ. 2018ರಲ್ಲಿ ಆ ಮನೆಯ ಮಗಳು ಸಾಸ್ಕಿಯಾ ಅದರ ಮುಖ್ಯಸ್ಥೆಯಾದರು.

ಇಲ್ಲಿಯವರೆಗೆ ಕೇಳಿದರೆ ಇದು ಒಡೆಯರ ಕಥೆ ಎನ್ನಿಸೀತು. ಅದರ ಕೆಳಗೆ ಇನ್ನೊಂದು ಕಥೆ ಇದೆ, ಬೇರಿನದು. 1860ರ ದಶಕದಲ್ಲಿ ಅಮೆರಿಕದಿಂದ ಫೈಲೋಕ್ಸೆರಾ ಎಂಬ ಸೂಕ್ಷ್ಮವಾದ ಹೇನು ಫ್ರಾನ್ಸಿಗೆ ಬಂತು. ದ್ರಾಕ್ಷಿಯ ಬೇರಿಗೆ ಹತ್ತಿ ಬಳ್ಳಿಯನ್ನೇ ಕೊಲ್ಲುವ ಕೀಟ. ಕೆಲವೇ ದಶಕಗಳಲ್ಲಿ ದೇಶದ ತೋಟಗಳ ಬಹುಭಾಗ ಹಾಳಾಯಿತು. ಔಷಧಗಳು ಹೆಚ್ಚು ಫಲ ಕೊಡಲಿಲ್ಲ. ಕೊನೆಗೆ ಉಳಿದ ದಾರಿ ಒಂದೇ: ಆ ಹೇನನ್ನು ತಾಳಬಲ್ಲ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಫ್ರಾನ್ಸಿನ ಕುಡಿಯನ್ನು ಕಸಿ ಕಟ್ಟುವುದು. ಮೊದಮೊದಲು ಮಾನಿಷ್ಠ ತೋಟಗಾರರು ಇದನ್ನು ಕುಲಗೆಡುವ ಕೆಲಸವೆಂದೇ ಭಾವಿಸಿದರು. ಇಂದು ಮೆಡಾಕಿನ ಮಹಾತೋಟಗಳ ಬಳ್ಳಿಗಳೆಲ್ಲ ನಿಂತಿರುವುದು ಆ ಪರದೇಶದ ಬೇರುಗಳ ಮೇಲೆಯೇ. ಲಾಫೀತ್ ಕೂಡ ಇದಕ್ಕೆ ಹೊರತಲ್ಲ. ಪರಸ್ಥಳದ ನೆಲದಲ್ಲಿ ನಿಂತು ತನ್ನ ಫಲವನ್ನೇ ಬಿಡುವುದು ಹೇಗೆಂದು ಹೊರನಾಡಿನವರಾದ ನಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದರ ಬೆನ್ನಿಗೇ ಇನ್ನೊಂದು ಪಿಡುಗು ಬಂತು, ಎಲೆಯನ್ನು ಸುಡುವ ಬೂಷ್ಟು. ಪೊಯಾಕಿನ ಪಕ್ಕದ ಸಾಂ ಜೂಲಿಯಾಂ ಎಂಬ ಊರಿನಲ್ಲಿ, ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಎರಚುವ ರೂಢಿಯಿತ್ತು. ಬೋರ್ಡೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಿಲಾರ್ದೆ ಆ ದಾರಿಯಲ್ಲಿ ಹೋಗುವಾಗ, ಎರಚಿದ ಬಳ್ಳಿಗಳ ಎಲೆ ಮಾತ್ರ ಹಸಿರಾಗಿರುವುದನ್ನು ಗಮನಿಸಿದರು. ಪರೀಕ್ಷೆಗಳನ್ನು ನಡೆಸಿ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಇಲ್ಲಿ ಕುಳಿತಿರುವ ಮಲೆನಾಡಿನವರ ಮುಖದಲ್ಲಿ ನಗು ಕಾಣುತ್ತಿದೆ! ಹೌದು, ಅಡಕೆಯ ಕೊಳೆರೋಗಕ್ಕೆ ಮಳೆಗಾಲದಲ್ಲಿ ನಾವು ಹೊಡೆಯುವ ಬೋರ್ಡೋ ಅದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ನಮ್ಮ ತೋಟಗಳಿಗೆ ತಂದರು. ತೀರ್ಥಹಳ್ಳಿಯ ಕಡೆಯ ನನ್ನ ಸೋದರಮಾವನ ತೋಟದಲ್ಲಿ ಔಷಧಿ ಹೊಡೆಯುವ ದಿನ, ಮೈಕೈಯೆಲ್ಲ ನೀಲಿಯಾಗಿ ಮರದಿಂದ ಇಳಿಯುತ್ತಿದ್ದ ಆಳುಗಳನ್ನು ನೋಡಿ ಬೆಳೆದವನು ನಾನು. ಆ ನೀಲಿ ಬಣ್ಣ ಮೆಡಾಕಿನ ದ್ರಾಕ್ಷಿ ಸಾಲಿನಿಂದ ಬಂದದ್ದೆಂದು ತಿಳಿದಾಗ ನನಗೆ ಆ ಪರದೇಶ ಅಷ್ಟೊಂದು ಪರದೇಶವೆನಿಸಲಿಲ್ಲ. ಹರಾಜಿನ ಪಟ್ಟಿಯಲ್ಲಿ ಎಲ್ಲಿಯೂ ಕಾಣದ ಈ ಮದ್ದು, ಬೋರ್ಡೋ ಸೀಮೆ ಜಗತ್ತಿಗೆ ಕೊಟ್ಟ ಕೊಡುಗೆಗಳಲ್ಲಿ ಬಡ ರೈತನನ್ನು ಮುಟ್ಟಿದ ಕೊಡುಗೆ.

ಎರಡನೆಯ ಮಹಾಯುದ್ಧದ ಕಾಲವನ್ನೂ ಒಂದು ಮಾತಿನಲ್ಲಿ ಹೇಳಬೇಕು. 1940ರಲ್ಲಿ ಜರ್ಮನರು ಮೆಡಾಕನ್ನು ವಶಪಡಿಸಿಕೊಂಡರು. ರಾಥ್ಸ್‌ಚೈಲ್ಡರು ಯೆಹೂದಿಗಳು, ಅವರ ಆಸ್ತಿ ಜಪ್ತಿಯಾಯಿತು, ಮನೆಯಲ್ಲಿ ಜರ್ಮನ್ ಸೈನಿಕರು ಬೀಡುಬಿಟ್ಟರು. ಮನೆತನಕ್ಕೆ ತೋಟ ಮರಳಿ ದಕ್ಕಿದ್ದು 1945ರ ಕೊನೆಗೆ. ಆ ವರ್ಷಗಳ ಸುಗ್ಗಿಗಳೂ ನಡೆದವು. ಬಳ್ಳಿ ಒಡೆಯ ಯಾರೆಂದು ಕೇಳುವುದಿಲ್ಲ; ಕಾಲಕಾಲಕ್ಕೆ ಸವರುವ ಕೈಯೊಂದು ಬೇಕು, ಅಷ್ಟೆ.

ಇಂಥ ತೋಟದ ಶೀಸೆ 'ಇಡುವ ವಸ್ತು' ಆದದ್ದು ಹೇಗೆ? ಅದಕ್ಕೂ ಕಾರಣಗಳಿವೆ. ಒಂದು ವರ್ಷದ ಸುಗ್ಗಿ ಆ ವರ್ಷಕ್ಕೇ ಮುಗಿಯಿತು. ಅದನ್ನು ಪುನಃ ಮಾಡಲು ಬ್ರಹ್ಮನಿಂದಲೂ ಆಗದು. ಕುಡಿದ ಪ್ರತಿಯೊಂದು ಶೀಸೆಯೂ ಉಳಿದವುಗಳ ಸಂಖ್ಯೆಯನ್ನು ಕುಗ್ಗಿಸುತ್ತದೆ. ಇತ್ತ ಹಣವಂತರ ಸಂಖ್ಯೆ ಏರುತ್ತಿದೆ. ಬೋರ್ಡೋದಲ್ಲಂತೂ ವೈನು ಪೀಪಾಯಿಯಲ್ಲಿರುವಾಗಲೇ, ಶೀಸೆ ಸೇರುವ ವರ್ಷಕ್ಕೂ ಮುಂಚೆ, ಮುಂಗಡ ಮಾರಾಟ ನಡೆಯುತ್ತದೆ. ಹೀಗೆ ಅದು ಷೇರುಪೇಟೆಯ ಸ್ವಭಾವವನ್ನು ಪಡೆಯಿತು. ಷೇರುಪತ್ರವನ್ನು ಎಲ್ಲಿಟ್ಟರೂ ನಡೆಯುತ್ತದೆ, ಇದನ್ನು ಹಾಗಿಡಲಾಗದು. ಹನ್ನೆರಡು ಹದಿಮೂರು ಡಿಗ್ರಿ ಸೆಲ್ಸಿಯಸ್ ತಂಪು, ಹದವಾದ ತೇವ, ಕತ್ತಲೆ, ಅಲುಗಾಟವಿಲ್ಲದ ಜಾಗ ಬೇಕು. ಬಿರಡೆ ಒಣಗದಂತೆ ಶೀಸೆಯನ್ನು ಅಡ್ಡಡ್ಡ ಮಲಗಿಸಬೇಕು. ಬಲ್ಲವರು ಕೊಳ್ಳುವ ಮುನ್ನ ರಸ ಶೀಸೆಯ ಕತ್ತಿನವರೆಗೆ ಇದೆಯೋ, ಭುಜಕ್ಕೆ ಇಳಿದಿದೆಯೋ ನೋಡುತ್ತಾರೆ. ಇಳಿದಿದ್ದರೆ ಬಿರಡೆ ಸೋತಿದೆ, ಗಾಳಿ ಒಳಹೊಕ್ಕಿದೆ ಎಂದು ಲೆಕ್ಕ. ಎಲ್ಲಕ್ಕಿಂತ ಮಿಗಿಲಾಗಿ ಅವರು ಕೇಳುವುದು ಶೀಸೆಯ ಜಾತಕವನ್ನು: ತೋಟದಿಂದ ಹೊರಟ ಮೇಲೆ ಯಾರ ಯಾರ ಕೈ ದಾಟಿ ಬಂತು? ಹಿಂದೆ ತೋಟಗಳು ಪೀಪಾಯಿಯಲ್ಲೇ ವೈನನ್ನು ವರ್ತಕರಿಗೆ ಮಾರುತ್ತಿದ್ದವು. ಶೀಸೆಗೆ ತುಂಬುವವರು ಬೋರ್ಡೋ, ಲಂಡನ್ನುಗಳ ವರ್ತಕರು. ತುಂಬುವಾಗ ಏನು ಬೆರೆಸಿದರೆಂದು ತೋಟದವನಿಗೆ ತಿಳಿಯದು. 1924ರಲ್ಲಿ ಮೂಟೋನ್ ತೋಟದ ಯುವಕ ಒಡೆಯ ಫಿಲಿಪ್ ರಾಥ್ಸ್‌ಚೈಲ್ಡ್ ಮುಂದಾಗಿ, ಲಾಫೀತೂ ಸೇರಿದಂತೆ ಮಹಾತೋಟಗಳು ತಮ್ಮ ವೈನನ್ನು ತಮ್ಮ ಅಂಗಳದಲ್ಲೇ ಶೀಸೆಗೆ ತುಂಬುವ ಪದ್ಧತಿಗೆ ಒಡಂಬಟ್ಟವು. ತೋಟದ ಹೆಸರಿಗೆ ತೋಟವೇ ಜಾಮೀನು ನಿಂತದ್ದು ಅಂದಿನಿಂದ ಎನ್ನಬಹುದು.

ಈಗ ಎರಡು ಹರಾಜುಗಳ ಕಥೆ ಹೇಳಿ ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ಮೊದಲನೆಯದು 1985ರ ಡಿಸೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ನಡೆದದ್ದು. 1787 ಎಂಬ ವರ್ಷ, ಲಾಫೀತಿನ ಹೆಸರು ಮತ್ತು ಜೆಫರ್ಸನ್‌ರ ಹೆಸರಿನ ಮೊದಲಕ್ಷರಗಳನ್ನು ಗಾಜಿನ ಮೇಲೆ ಕೊರೆದ ಒಂದು ಶೀಸೆ 1,05,000 ಪೌಂಡುಗಳಿಗೆ ಹೋಯಿತು. ಕೊಂಡವರು ಅಮೆರಿಕದ ಪತ್ರಿಕೋದ್ಯಮಿ ಫೋರ್ಬ್ಸ್ ಮನೆತನದವರು. ಅಲ್ಲಿಯವರೆಗೆ ಒಂದು ಶೀಸೆಗೆ ಅಂಥ ಬೆಲೆಯನ್ನು ಜಗತ್ತು ಕಂಡಿರಲಿಲ್ಲ. ಮಾರಾಟಕ್ಕೆ ತಂದವರು ಹಾರ್ಡಿ ರಾಡೆನ್‌ಸ್ಟಾಕ್ ಎಂಬ ಜರ್ಮನ್ ಸಂಗ್ರಾಹಕ. ಪ್ಯಾರಿಸಿನ ಹಳೆಯ ಮನೆಯೊಂದರಲ್ಲಿ ಗೋಡೆ ಕಟ್ಟಿ ಮುಚ್ಚಿದ್ದ ನೆಲಮಾಳಿಗೆಯಲ್ಲಿ ಸಿಕ್ಕಿತೆಂದರು. ಯಾವ ಮನೆ, ಯಾವ ಬೀದಿ ಎಂಬುದನ್ನು ಹೇಳಲಿಲ್ಲ. ಫೋರ್ಬ್ಸ್ ಮನೆತನ ಆ ಶೀಸೆಯನ್ನು ತಮ್ಮ ಪ್ರದರ್ಶನಾಲಯದಲ್ಲಿ ದೀಪಗಳ ಕೆಳಗೆ ನಿಲ್ಲಿಸಿತು. ದೀಪದ ಶಾಖಕ್ಕೆ ಬಿರಡೆ ಒಣಗಿ ಕುಗ್ಗಿ ಒಳಗೆ ಜಾರಿಬಿತ್ತು! ಇಂಥವೇ ನಾಲ್ಕು ಶೀಸೆಗಳನ್ನು 1988ರಲ್ಲಿ ಸುಮಾರು ಐದು ಲಕ್ಷ ಡಾಲರು ತೆತ್ತು ಕೊಂಡವರು ಅಮೆರಿಕದ ಉದ್ಯಮಿ ವಿಲಿಯಂ ಕೋಕ್. 2005ರಲ್ಲಿ ಬಾಸ್ಟನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ಅವರ ಸಂಗ್ರಹದ ಪ್ರದರ್ಶನ ಏರ್ಪಟ್ಟಾಗ ಶೀಸೆಗಳ ಜಾತಕ ಬೇಕಾಯಿತು. ಜೆಫರ್ಸನ್‌ರ ಮನೆಯಾದ ಮಾಂಟಿಸೆಲ್ಲೊದ ಸಂಶೋಧಕರನ್ನು ಕೇಳಿದರು. ಜೆಫರ್ಸನ್ ದಿನದಿನದ ಖರ್ಚನ್ನೂ ಬರೆದಿಡುತ್ತಿದ್ದವರು. ತಾವು ತರಿಸಿದ ವೈನುಗಳ ಲೆಕ್ಕವನ್ನು, ಬರೆದ ಪತ್ರಗಳ ನಕಲನ್ನು ಜೋಪಾನವಾಗಿ ಇಟ್ಟವರು. ಆ ಕಾಗದಗಳಲ್ಲಿ ಈ ಶೀಸೆಗಳಿಗೆ ಆಧಾರ ದೊರೆಯಲಿಲ್ಲ. ಅವರು ಮೊದಲಕ್ಷರಗಳನ್ನು ಬರೆಯುತ್ತಿದ್ದ ಬಗೆಗೂ ಶೀಸೆಯ ಮೇಲಿನದಕ್ಕೂ ವ್ಯತ್ಯಾಸವಿತ್ತು. ಕೋಕ್ ನೇಮಿಸಿದ ತಜ್ಞರು, ಗಾಜಿನ ಮೇಲಿನ ಅಕ್ಷರಗಳು ವಿದ್ಯುತ್ ಚಾಲಿತ ಉಪಕರಣದಿಂದ ಕೊರೆದವು ಎಂದು ಅಭಿಪ್ರಾಯಪಟ್ಟರು. 2006ರಲ್ಲಿ ಮೊಕದ್ದಮೆ ಹೂಡಲಾಯಿತು. ರಾಡೆನ್‌ಸ್ಟಾಕ್ ಕೊನೆಯವರೆಗೂ ಆರೋಪವನ್ನು ಒಪ್ಪಲಿಲ್ಲ, 2018ರಲ್ಲಿ ತೀರಿಕೊಂಡರು.

ಇಲ್ಲಿ ನೋಡತಕ್ಕದ್ದು ಒಂದಿದೆ. ಇನ್ನೂರು ವರ್ಷಗಳ ಹಿಂದಿನ ಒಬ್ಬ ಮನುಷ್ಯನ ಖರ್ಚಿನ ಪುಸ್ತಕ ಎದ್ದು ಬಂದು, ಲಕ್ಷಾಂತರ ಡಾಲರಿನ ಗಾಜಿನ ಎದುರು ಸಾಕ್ಷಿ ಹೇಳಿತು. ಆ ಪುಸ್ತಕಕ್ಕೆ ಯಾರೂ ಹರಾಜು ಕೂಗಿರಲಿಲ್ಲ.

ಎರಡನೆಯ ಹರಾಜು 2010ರ ಅಕ್ಟೋಬರಿನದು, ಹಾಂಗ್‌ಕಾಂಗಿನಲ್ಲಿ. 2008ರಲ್ಲಿ ಅಲ್ಲಿನ ಸರ್ಕಾರ ವೈನಿನ ಮೇಲಿನ ಸುಂಕವನ್ನು ಪೂರಾ ತೆಗೆದುಹಾಕಿದ ಮೇಲೆ ಆ ನಗರ ವೈನಿನ ದೊಡ್ಡ ಪೇಟೆಯಾಯಿತು. ಸದಬೀಸ್ ಸಂಸ್ಥೆ ನಡೆಸಿದ ಈ ಹರಾಜಿಗೆ ಮಾಲು ಬಂದದ್ದು ನೇರವಾಗಿ ಲಾಫೀತಿನ ನೆಲಮಾಳಿಗೆಯಿಂದ. ಜಾತಕದ ಪ್ರಶ್ನೆಯೇ ಇಲ್ಲ. 1869ರ ಸುಗ್ಗಿಯ, ಎಂದರೆ ರಾಥ್ಸ್‌ಚೈಲ್ಡರು ತೋಟ ಕೊಂಡ ಮರುವರ್ಷದ, ಮೂರು ಶೀಸೆಗಳಿಗೆ ತಲಾ ಎಂಟು ಸಾವಿರ ಡಾಲರಿನವರೆಗೆ ಬೆಲೆ ಬಂದೀತೆಂದು ಅಂದಾಜಿತ್ತು. ಹೋದದ್ದು ಒಂದೊಂದೂ ಸುಮಾರು 2,30,000 ಅಮೆರಿಕನ್ ಡಾಲರಿಗೆ. ಅದೇ ತಿಂಗಳು ಲಾಫೀತಿನವರು ತಮ್ಮ 2008ರ ಸುಗ್ಗಿಯ ಶೀಸೆಯ ಮೇಲೆ ಚೀನೀ ಲಿಪಿಯ ಎಂಟು ಎಂಬ ಅಂಕೆಯನ್ನು ಮೂಡಿಸುವುದಾಗಿ ಪ್ರಕಟಿಸಿದರು. ಚೀನೀಯರಿಗೆ ಎಂಟು ಶುಭಸಂಖ್ಯೆ. ಒಳಗಿನ ರಸ ಒಂದು ಹನಿಯೂ ಬದಲಾಗಲಿಲ್ಲ. ಬೆಲೆ ಮಾತ್ರ ಕೂಡಲೇ ಜಿಗಿಯಿತು. ಖಾಲಿ ಶೀಸೆಗಳಿಗೂ ಗಿರಾಕಿಗಳು ಹುಟ್ಟಿದರು, ಅದರಲ್ಲಿ ಏನನ್ನು ತುಂಬುತ್ತಾರೆಂದು ನೀವೇ ಊಹಿಸಬಹುದು. 2011ರ ಮಧ್ಯದ ಬಳಿಕ ಆ ಅಬ್ಬರ ಇಳಿಯಿತು. ಏರಿದ ಬೆಲೆಯಲ್ಲಿ ಕೊಂಡವರು ಕೈಸುಟ್ಟುಕೊಂಡರು. ಕೂಡಿಡುವ ಹವ್ಯಾಸಕ್ಕೆ ಹಣ ಹಾಕುವ ಮಿತ್ರರು ಯಾರಾದರೂ ಸಭೆಯಲ್ಲಿದ್ದರೆ ಇದನ್ನು ನೆನಪಿಡಬೇಕೆಂದು ಕೋರುತ್ತೇನೆ.

ಬಂಧುಗಳೆ, ಫ್ರೆಂಚರು ಜಾಣರು. ಹೆಸರನ್ನು ನೆಲಕ್ಕೆ ಕಟ್ಟಿಹಾಕದೆ ಹೋದರೆ ಅದು ಗಾಳಿಗೆ ಹೋಗುತ್ತದೆ ಎಂದು ಅವರಿಗೆ ಅರ್ಥವಾಗಿತ್ತು. 1935ರಲ್ಲಿ ಅವರು ಕಾನೂನು ಮಾಡಿದರು. 1936ರಲ್ಲಿ ಪೊಯಾಕ್ ಎಂಬ ಹೆಸರು ಆ ಕಾನೂನಿನ ಆಶ್ರಯಕ್ಕೆ ಬಂತು. ಆ ಎಲ್ಲೆಯೊಳಗೆ, ಇಂತಿಂಥ ತಳಿಯನ್ನು, ಇಂತಿಂಥ ಕ್ರಮದಲ್ಲಿ ಬೆಳೆದು ಮಾಡಿದ್ದಕ್ಕೆ ಮಾತ್ರ ಆ ಹೆಸರು. ನಮ್ಮ ದೇಶದಲ್ಲೂ 1999ರಲ್ಲಿ ಭೌಗೋಳಿಕ ಸೂಚಕಗಳ ಕಾಯಿದೆ ಆಯಿತು. 2003ರಲ್ಲಿ ಜಾರಿಗೆ ಬಂತು. ಕರ್ನಾಟಕದಿಂದ ಮೊದಲ ವರ್ಷಗಳಲ್ಲೇ ನೋಂದಣಿಯಾದವುಗಳಲ್ಲಿ ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆಗಳ ಜೊತೆ ನಂಜನಗೂಡಿನ ರಸಬಾಳೆಯೂ ಇದೆ. ಹೆಸರಿಗೆ ಕಾನೂನಿನ ಕಾವಲು ಸಿಕ್ಕಿತು. ಆದರೆ ಮಣ್ಣಿನಿಂದ ಹತ್ತುವ ಪನಾಮಾ ಸೊರಗು ರೋಗ ಆ ಬಾಳೆಯ ಬುಡವನ್ನು ತಿನ್ನುತ್ತ ಬಂತು. ರೈತರು ಒಬ್ಬೊಬ್ಬರಾಗಿ ಅದನ್ನು ಕೈಬಿಟ್ಟರು. ಮೈಸೂರಿನಲ್ಲಿ ಓದುವಾಗ ನಾನು ತಿಂದ ಆ ಹಣ್ಣನ್ನು ಈಗ ಊರಿಗೆ ಹೋದಾಗ ಹುಡುಕಿ ತರಬೇಕಾಗಿದೆ. ಹೇನು ಬಂದಾಗ ಮೆಡಾಕ್ ತನ್ನ ಅಭಿಮಾನವನ್ನು ಪಕ್ಕಕ್ಕಿಟ್ಟು ದಶಕಗಟ್ಟಲೆ ಕಸಿ ಕಟ್ಟಿತು. ಅದಕ್ಕೆ ಹಣವಿತ್ತು, ಬೆಲೆ ಸಿಗುವ ಭರವಸೆ ಇತ್ತು. ನಮ್ಮ ರಸಬಾಳೆಯ ರೈತನಿಗೆ ಅದು ಯಾವುದೂ ಇರಲಿಲ್ಲ. ಆತನನ್ನು ಬಿಟ್ಟು ಹೆಸರನ್ನು ಮಾತ್ರ ಕಾಪಾಡಿದರೆ ಉಳಿಯುವುದು ನೋಂದಣಿ ಪುಸ್ತಕದ ಒಂದು ಸಾಲು. ಲಾಫೀತಿನ ಕೀರ್ತಿಯನ್ನು ಕಂಡು ಬೆರಗಾಗುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಇನ್ನು ನಮ್ಮ ಮನೆಯ ಮಾತು. ಈ ಉಪನ್ಯಾಸದ ಸಿದ್ಧತೆಗೆಂದು ಒಂದು ಹಳೆಯ ಸಂಚಿಕೆಯನ್ನು ಹುಡುಕುತ್ತ ಕಳೆದ ತಿಂಗಳು ಸಂಘದ ಹಿಂಬದಿಯ ಕೋಣೆಗೆ ಹೋಗಿದ್ದೆ. ಮುಂದಿನ ಗಾಜಿನ ಕಪಾಟಿನಲ್ಲಿ ನಮ್ಮ ಫಲಕಗಳು, ಬೆಳ್ಳಿಯ ಕಲಶ, ಮಂತ್ರಿಗಳು ಕೊಟ್ಟ ಶ್ರೀಗಂಧದ ಕೆತ್ತನೆಗಳು ಥಳಥಳಿಸುತ್ತಿವೆ. ಅವನ್ನು ವಾರಕ್ಕೊಮ್ಮೆ ಒರೆಸುತ್ತೇವೆ. ಹಿಂದಿನ ತಗಡಿನ ಟ್ರಂಕಿನಲ್ಲಿ ಸಂಘದ ಆರಂಭದ ವರ್ಷಗಳ ನಡಾವಳಿ ಪುಸ್ತಕಗಳು, ಚಂದಾದಾರರ ಪಟ್ಟಿಗಳು, ಹೋಟೆಲು ಮಾಣಿಗಳಿಗಾಗಿ ನಡೆಸಿದ ರಾತ್ರಿಶಾಲೆಯ ಹಾಜರಿ ಪುಸ್ತಕ. ತೆರೆದರೆ ಮೂರರಲ್ಲಿ ಒಂದನ್ನು ಗೆದ್ದಲು ತಿಂದು ಮುಗಿಸಿತ್ತು. ಉಳಿದುದರಲ್ಲಿ ನಾಲ್ಕಾಣೆ ಚಂದಾ ಕೊಟ್ಟವರ ಹೆಸರು, ಊರು, ಹೆಬ್ಬೆಟ್ಟಿನ ಗುರುತು ಇವೆ. ಉಡುಪಿ, ಕುಂದಾಪುರ, ವಿಜಾಪುರ, ಕಾರವಾರಗಳಿಂದ ಬಂದು ಈ ನಗರದಲ್ಲಿ ಕನ್ನಡವನ್ನು ನೆಟ್ಟವರ ಹೆಸರುಗಳವು.

ಮುಂದೊಂದು ದಿನ ನಮ್ಮ ಮೊಮ್ಮಕ್ಕಳಲ್ಲಿ ಯಾರಾದರೂ, ಈ ನಗರದಲ್ಲಿ ಕನ್ನಡಿಗರು ನಿಜವಾಗಿ ಏನು ಮಾಡಿದರು ಎಂದು ಕೇಳಿದರೆ, ಬೆಳ್ಳಿಯ ಕಲಶ ಉತ್ತರ ಹೇಳಲಾರದು. ಹೇಳಬಲ್ಲದ್ದು ಆ ಹಾಜರಿ ಪುಸ್ತಕ. 1996ರಲ್ಲಿ ನನ್ನ ಮೇಲಧಿಕಾರಿ ಖಾಲಿ ಕಡತವನ್ನು ತೋರಿಸಿ ಆಡಿದ ಮಾತು ಆ ಟ್ರಂಕಿನ ಮುಂದೆ ಕುಳಿತಾಗ ನನಗೆ ಪುನಃ ನೆನಪಾಯಿತು.

ಆದುದರಿಂದ ಅಧ್ಯಕ್ಷರಲ್ಲಿ ಮತ್ತು ಕಾರ್ಯಕಾರಿ ಸಮಿತಿಯಲ್ಲಿ ನನ್ನದೊಂದು ವಿನಂತಿ. ಈ ವರ್ಷದ ವಾರ್ಷಿಕೋತ್ಸವದ ಖರ್ಚಿನಲ್ಲಿ ಸ್ವಲ್ಪ ಭಾಗವನ್ನು ಆ ಟ್ರಂಕಿಗೆ ಮೀಸಲಿಡೋಣ. ಪುಸ್ತಕಗಳನ್ನು ಒಣಗಿಸಿ, ಪುಟ ಪುಟವನ್ನೂ ಕಂಪ್ಯೂಟರಿಗೆ ಏರಿಸಿ, ಮೂಲ ಪ್ರತಿಗಳನ್ನು ಕಬ್ಬಿಣದ ಕಪಾಟಿನಲ್ಲಿಟ್ಟು, ಯಾವುದು ಯಾರಿಂದ ಬಂತೆಂದು ಒಂದು ಪಟ್ಟಿ ಮಾಡೋಣ. ನಿಮ್ಮ ನಿಮ್ಮ ಮನೆಗಳಲ್ಲಿ ತಂದೆ, ಅಜ್ಜಂದಿರ ಕಾಲದ ಪತ್ರಗಳು, ಪಾಸುಪುಸ್ತಕಗಳು, ಬಾಡಿಗೆ ರಸೀದಿಗಳು ಇದ್ದರೆ ರದ್ದಿಯವನಿಗೆ ಹಾಕುವ ಮುನ್ನ ಸಂಘಕ್ಕೆ ಒಮ್ಮೆ ತೋರಿಸಿ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಆ ಕೋಣೆಯಲ್ಲಿರುತ್ತೇನೆ. ಧೂಳಿಗೆ ಅಂಜದ ನಾಲ್ಕಾರು ಜನ ತರುಣರು ಜೊತೆಗೆ ಬಂದರೆ ಕೆಲಸ ಅಂದೇ ಶುರುವಾದೀತು.